ಆರು ಇಂಚಿನ ಹಾದಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದ್ದನ್ನು ಹೇಳುವುದು ಸುಲಭ. ಮಡಿಕೇರಿಯ ಟೈರಂಗಡಿಯಲ್ಲಿ ರೇವಣ್ಣ ಎರಡು ಟೈರುಗಳನ್ನು ಗೋಡೆಗೆ ಒರಗಿಸಿಟ್ಟು, "ಗುರುವಪ್ಪಗೌಡ್ರೇ, ನಿಮ್ಗೆ ಆಗೋದು ಈ ಸಣ್ಣದು" ಎಂದಾಗಲೂ ನನಗೆ ಮೊದಲು ಬಂದದ್ದು ಸಿಟ್ಟೇ.

ಒಂದು ಟೈರು ಏಳೂವರೆ ಇಂಚು ಅಗಲ. ಗಾಳಿಬೀಡಿನ ದೊಡ್ಡ ಎಸ್ಟೇಟಿನ ಹೊಸ ಲಾರಿಗೆ ಹಾಕಿದ್ದು ಅಂಥದ್ದೇ. ನೋಡಿದರೇ ಒಂದು ಗತ್ತು. ಇನ್ನೊಂದು ಆರೇ ಇಂಚು, ಮಿಲಿಟರಿ ಜೀಪಿನ ಮಾದರಿ. ಅಡ್ಡಡ್ಡಲಾಗಿ ದಪ್ಪ ಹಲ್ಲುಗಳಿದ್ದವು ನಿಜ, ಆದರೆ ಮೈ ಬಡಕಲು. ನನ್ನ ಪಿಕಪ್ಪೋ, ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ್ದರಲ್ಲಿ ಬಂದ ಮುದಿ ಗಾಡಿ. ಅದಕ್ಕೆ ಈ ಬಡಕಲು ಟೈರು ಬೇರೆ ಹಾಕಿಸಿಕೊಂಡು ಊರೊಳಗೆ ಹೋದರೆ ಜನ ನಗುತ್ತಾರೆ ಎಂಬುದು ನನ್ನ ಚಿಂತೆ.

"ಸೈಕಲ್ಲಿನ ಚಕ್ರ ತಂದು ತೋರಿಸ್ತೀಯಲ್ಲ ಮಾರಾಯ" ಎಂದೆ.

ರೇವಣ್ಣ ಹಾಸನದ ಕಡೆಯವನು. ಗಿರಾಕಿಯ ಸಿಟ್ಟಿಗೆಲ್ಲ ಕಿವಿ ಕೊಡುವವನಲ್ಲ. "ನಗೋರು ನಗ್ಲಿ ಬಿಡಿ. ಅಗಲದ್ದು ಕೆಸರ ಮ್ಯಾಲೆ ತೇಲ್ತದೆ. ಮರಳಲ್ಲಾದ್ರೆ ಅದೇ ಸೈ. ನಿಮ್ಮದು ಜೇಡಿಮಣ್ಣು, ತೇಲಿದ್ದು ಅಲ್ಲಿ ಜಾರ್ತದೆ. ಸಣ್ಣದು ಕೆಸರ ಕುಯ್ಕಂಡು ಕೆಳಗಿರೋ ಗಟ್ಟಿ ನೆಲ ಹಿಡೀತದೆ. ಒಂದೇ ತೊಂದ್ರೆ, ಕುಯ್ದ ಗೀರು ಹಾದೀಲಿ ಹಂಗೇ ಉಳೀತದೆ. ಅಂದಂಗೆ ಹಾದಿ ಯಾರದು?"

ಹಾದಿ ಯಾರದು ಎಂಬುದೇ ನನ್ನ ತಲೆನೋವು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ನಮ್ಮ ಮನೆಗೊಂದು ರಸ್ತೆ ಬೇಕೆಂದು ನಾನು ಬರೆದಿದ್ದ ಅರ್ಜಿ ಮಡಿಕೇರಿಯ ಕಚೇರಿಯಿಂದ ಬೆಂಗಳೂರಿನ ದಾರಿ ಹಿಡಿದದ್ದು ಹಿಡಿದದ್ದೇ, ತಿರುಗಿ ಮುಖ ತೋರಿಸಲಿಲ್ಲ. ಗಾಳಿಬೀಡಿನ ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಒಂದು ಮೈಲಿ ಮಣ್ಣಿನ ಹಾದಿ. ಅದು ಪೂರ್ತಿ ಬೊಳ್ಳಪ್ಪ ಮಾವನ ಜಾಗದಲ್ಲಿ. ಸಂಬಂಧದಲ್ಲಿ ಮಾವನೇನೂ ಅಲ್ಲ, ನೆರೆಯ ಹಿರಿಯ ಎಂದು ಹಾಗೆ ಕರೆಯುವುದು. ಹಾದಿಯ ನಡುವೆ ಇನ್ನೂರು ಅಡಿಯ ಒಂದು ಇಳಿಜಾರು ಇದೆ. ಅದರ ಒಂದು ಪಕ್ಕಕ್ಕೆ ಗೋಡೆಯಂತೆ ಎದ್ದ ಮಣ್ಣಿನ ದರೆ, ಇನ್ನೊಂದು ಪಕ್ಕಕ್ಕೆ ಅವರ ಗದ್ದೆ.

ಹಿಂದಿನ ಮಳೆಗಾಲದಲ್ಲಿ ಅದೇ ಇಳಿಜಾರಿನಲ್ಲಿ ನನ್ನ ಪಿಕಪ್ಪು ಅಗಲದ ಸವೆದ ಟೈರುಗಳ ಮೇಲೆ ತೇಲಿಕೊಂಡು ಹೋಗಿ, ಅವರ ಸಸಿಮಡಿಯ ನಡುವೆ ಕೂತುಬಿಟ್ಟಿತು. ನಾಟಿಗೆ ಬೆಳೆಸಿದ್ದ ಸಸಿಯಲ್ಲಿ ಅರ್ಧ ಮಣ್ಣುಪಾಲು. ಕ್ಷಮಿಸಿ ಎನ್ನುವ ಬದಲು ನಾನು, ನಿಮ್ಮ ಹಾದಿ ಸರಿ ಇಲ್ಲ ಎಂದು ಜಗಳ ತೆಗೆದೆ. ಮಾರನೆಯ ವಾರವೇ ಮಾವ ಹಾದಿಯ ಬಾಯಿಗೆ ಉಣುಗೋಲು ಹಾಕಿಸಿದರು. ಎರಡು ಕಲ್ಲುಕಂಬಗಳ ತೂತುಗಳಿಗೆ ಮೂರು ಬಿದಿರು ತೂರಿಸಿದರೆ ನಮ್ಮಲ್ಲಿ ಅದೇ ಗೇಟು. "ಗಾಡಿ ಇನ್ನೊಂದು ಸಲ ಗದ್ದೆಗೆ ಬಿದ್ದರೂ ಸರಿ, ಹಾದಿ ಹಾಳಾದರೂ ಸರಿ, ಇದ್ ನಿಂಗೆ ತೆಗೆಯದ್" ಎಂದಿದ್ದರು.

ಹಾಗಾಗಿ ಅಗಲದ ಟೈರು ಹಾಕಿದರೆ ಗದ್ದೆಗೆ ಬೀಳುವ ಭಯ. ಸಣ್ಣದು ಹಾಕಿದರೆ ಹಾದಿ ಗೀರುವ ಭಯ. ಮಳೆಗಾಲ ಮುಗಿಯುವವರೆಗೆ ಗಾಡಿ ತೆಗೆಯದೆ ಇದ್ದುಬಿಡಬಹುದಿತ್ತು, ನಮ್ಮ ಪುಣ್ಯ ಅಷ್ಟು ಗಟ್ಟಿ ಇದ್ದಿದ್ದರೆ.

ನನ್ನ ಹೆಂಡತಿ ಯಮುನಳಿಗೆ ಕ್ಷಯ ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ಆ ವರ್ಷದ ಏಪ್ರಿಲ್‌ನಲ್ಲಿ. ವಾರಕ್ಕೆ ಎರಡು ಇಂಜೆಕ್ಷನ್, ಆರು ತಿಂಗಳು. ಒಂದೂ ತಪ್ಪಬಾರದು, ನಡುವೆ ಬಿಟ್ಟರೆ ಕಾಯಿಲೆ ಮತ್ತೆ ಔಷಧಿಗೆ ಬಗ್ಗುವುದಿಲ್ಲ ಎಂದು ಡಾಕ್ಟರು ನನ್ನ ಮುಖಕ್ಕೆ ಬೆರಳು ಮಾಡಿ ಹೇಳಿದ್ದರು. ಮಡಿಕೇರಿಯಲ್ಲೇ ಉಳಿಸೋಣವೆಂದರೆ ಅಲ್ಲಿದ್ದ ನೆಂಟರ ಮನೆಯಲ್ಲಿ ಕಾಯಿಲೆಯ ಹೆಸರು ಕೇಳಿದ ತಕ್ಷಣ ಜಾಗ ಇಲ್ಲವಾಯಿತು. ಅವಳು ಕುಡಿದ ಲೋಟವನ್ನು ಅವರು ಹಿತ್ತಲಿಗೆ ಎಸೆದದ್ದನ್ನು ನಾನೂ ನೋಡಿದೆ, ಅವಳೂ ನೋಡಿದಳು. ಅಂದಿನಿಂದ ಆ ಕಾಯಿಲೆಯ ಹೆಸರನ್ನು ನಾನು ಯಾರ ಮುಂದೆಯೂ ಎತ್ತಲಿಲ್ಲ. ಕೇಳಿದವರಿಗೆ ವಿಷಮಜ್ವರದ ನಿತ್ರಾಣ ಎಂದೆ. ಬೊಳ್ಳಪ್ಪ ಮಾವನಿಗಂತೂ ಅದನ್ನೂ ಹೇಳಲಿಲ್ಲ. ಗೊತ್ತಾದರೆ ಅವರ ಅಂಗಳದ ಪಕ್ಕದಲ್ಲಿ ನಮ್ಮನ್ನು ಹಾಯಲೂ ಬಿಡಲಿಕ್ಕಿಲ್ಲ ಎಂಬ ಹೆದರಿಕೆ.

ಟೈರಂಗಡಿಯ ಹೊರಗೆ, ಪಿಕಪ್ಪಿನ ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದ ಯಮುನ ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಲ್ಲಿಂದಲೇ ಕರೆದಳು.

"ನಾಟಿ ಹೊತ್ತಿಲಿ ಗದ್ದೆಲಿ ನೀವು ಹೆಂಗೆ ನಡ್ದವೆ?"

"ಅದಕ್ಕೂ ಇದಕ್ಕೂ ಎಂಥ?"

"ಪಾದ ಅಗಲ ಮಾಡಿ ಇಟ್ಟರೆ ಜಾರ್ದೆ ಅಲಾ? ಬೆರಳು ಕೆಳಗೆ ಮಾಡಿ ಒತ್ತಿರೆ ಗಟ್ಟಿ ನೆಲ ಸಿಕ್ಕಿದೆ. ನಾ ಹತ್ತು ವರ್ಷ ನಾಟಿ ಮಾಡಿಯೊಳೆ, ಒಂದು ದಿನ ಬಿದ್ದಿಲ್ಲೆ. ನೀವು ವರ್ಷಕ್ಕೆ ಒಂದು ಸಲ ಗದ್ದೆ ಬದುಲಿ ನಡ್ಕಂಡೇ ಬಿದ್ದವೆ. ಅವು ಹೇಳ್ವದೇ ಸರಿ, ಸಣ್ಣದ್ ತಕಣಿ."

ರೇವಣ್ಣನಿಗೆ ನಮ್ಮ ಅರೆಭಾಷೆ ಅರ್ಧ ಅರ್ಥವಾಗಿರಬೇಕು. ಅವನು ನಕ್ಕ ರೀತಿಗೆ ನನಗೆ ಮತ್ತೆ ಸಿಟ್ಟು ಬಂತು. ಆದರೂ ಸಣ್ಣದನ್ನೇ ಹಾಕಿಸಿಕೊಂಡೆ. ಹಾದಿಯ ಗೀರಿನ ವಿಷಯ ಮುಂದೆ ನೋಡಿಕೊಂಡರಾಯಿತು ಎಂದುಕೊಂಡೆ. ಅವಳನ್ನು ಗದ್ದೆಗೆ ಬೀಳಿಸುವುದಕ್ಕಿಂತ ಅದು ವಾಸಿ ಅಲ್ಲವೇ?

ಟೈರು ಮಾತ್ರ ಹೇಳಿದ ಹಾಗೆಯೇ ನಡೆದುಕೊಂಡಿತು. ಜೂನ್ ಇಡೀ, ಜುಲೈ ಅರ್ಧ, ಆ ಇಳಿಜಾರಿನಲ್ಲಿ ಗಾಡಿ ಒಂದು ಗೇಣು ಆಚೀಚೆ ಆಗಲಿಲ್ಲ. ಚಕ್ರ ಕೆಸರಿನೊಳಗೆ ಇಳಿದು, ಕೆಳಗಿನ ಗಟ್ಟಿಯನ್ನು ಕಚ್ಚಿ ಹಿಡಿದು, ಮೆಲ್ಲಗೆ ಮೇಲೆ ಹತ್ತುತ್ತಿತ್ತು. ಯಮುನ ಮುಂದಿನ ಕಂಬಿ ಹಿಡಿಯುವುದನ್ನೂ ಬಿಟ್ಟಳು. ಆದರೆ ಹಾದಿಯಲ್ಲಿ ಎರಡು ಗೀರುಗಳು ದಿನದಿಂದ ದಿನಕ್ಕೆ ಆಳವಾದವು. ಜುಲೈ ನಡುವಿಗೆ ಹಿಡಿದ ಕಕ್ಕಡ ತಿಂಗಳ ಮಳೆ ಅವುಗಳಲ್ಲಿ ನೀರು ಹರಿಸಿ ಇನ್ನಷ್ಟು ಕೊರೆಯಿತು. ಕೊನೆಗೆ ಆ ನೀರು ಬೊಳ್ಳಪ್ಪ ಮಾವನ ಗದ್ದೆಗೇ ನುಗ್ಗಿತು.

ಒಂದು ಬುಧವಾರ ಗಾಳಿಬೀಡಿನಿಂದ ಒಬ್ಬನೇ ಬರುತ್ತಿದ್ದಾಗ ಉಣುಗೋಲಿನ ಹತ್ತಿರ ಅವರ ಆಳು ಸಿದ್ದ ಕಂಬಳಿಕೊಪ್ಪೆ ಹೊದ್ದು ನಿಂತಿದ್ದ. ಅವನಿಗೆ ನನ್ನಷ್ಟೇ ವಯಸ್ಸು, ನನ್ನ ಸಿಟ್ಟಿನ ಪರಿಚಯವೂ ಚೆನ್ನಾಗಿತ್ತು. ಹಾಗಾಗಿ ಎರಡು ಮಾರು ದೂರದಿಂದಲೇ ಮಾತಾಡಿದ.

"ಯಜಮಾನ್ರಿಗೆ ಜ್ವರ, ಒಂದು ವಾರದಿಂದ ಎದ್ದಿಲ್ಲ. ಮಲಗಿದಲ್ಲಿಂದಲೇ ಹೇಳಿ ಕಳಿಸಿದ್ದಾರೆ. ಇವತ್ತು ಒಳಗೆ ಹೋಗಿ ಗಾಡಿ ಇಡಬಹುದಂತೆ. ನಾಳೆಯಿಂದ ಓಡಿಸೋ ಹಾಗಿಲ್ಲವಂತೆ. ಹಾದಿ ಪೂರಾ ಚರಂಡಿ ಆಗಿದೆ ಅಂತ."

ನಾಳೆ ಗುರುವಾರ, ಇಂಜೆಕ್ಷನ್ನಿನ ದಿನ. ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನೆತ್ತಿಗೇರಿದ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಬೇರೆ.

"ಹೋಗಿ ಹೇಳು ನಿನ್ನ ಯಜಮಾನ್ರಿಗೆ, ಅವು ಸತ್ತ ದಿನ ಈ ಉಣುಗೋಲು ನಾನೇ ತೆಗ್ದನೆ ಅಂತ!"

ಸಿದ್ದನ ಮುಖ ಕಪ್ಪಿಟ್ಟಿತು. ನಾನು ಒಳಗೆ ಹೋದ ಮೇಲೆ ಬಿದಿರು ತೂರಿಸಿ ಹೊರಟುಹೋದ.

ಮನೆಯಲ್ಲಿ ಯಮುನಳಿಗೆ ಎಲ್ಲವನ್ನೂ ಹೇಳಿದೆ, ಆ ಮಾತನ್ನೂ. "ನಾನೇ ಹೋಗಿ ಕಾಯಿಲೆ ಉಟ್ಟು, ಹಾದಿ ಬೇಕು ಅಂತ ಕೇಳ್ನೆ" ಎಂದಳು. ಬೇಡ, ಕಾಯಿಲೆ ಇದೆ ಎಂದು ಹೇಳುವುದೇ ಬೇಡ ಎಂದೆ. ಇನ್ನೊಂದು ಲೋಟ ಹಿತ್ತಲಿಗೆ ಬೀಳುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಬೆಳಿಗ್ಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ಹೊತ್ತುಕೊಂಡು ಡಾಂಬರು ರಸ್ತೆವರೆಗೆ ಹೋಗಿ ಬಸ್ಸು ಹಿಡಿಯುವುದೆಂದು ತೀರ್ಮಾನಿಸಿದೆ. ಮೇ ಕೊನೆಯ ಮಳೆಯಲ್ಲಿ ಗಾಡಿ ಕೆಟ್ಟಾಗ ಒಂದು ಸಲ ಹಾಗೆ ಮಾಡಿದ್ದೆ. ಅವಳು ನೆನೆದು ಮೂರು ದಿನ ಜ್ವರದಲ್ಲಿ ಬೆಂದಿದ್ದಳು. ಆದರೂ ಬೇರೆ ದಾರಿ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಏಳೂವರೆಗೆ ಕುರ್ಚಿಗೆ ಹಗ್ಗ ಕಟ್ಟುತ್ತಿದ್ದೆ. ಆಗ ಕೇಳಿಸಿತು ಗುಂಡಿನ ಸದ್ದು. ಒಂದು. ಅದರ ಬೆನ್ನಿಗೇ ಇನ್ನೊಂದು.

ನಮ್ಮಲ್ಲಿ ಮನೆಯಂಗಳದಿಂದ ಒಂದರ ಹಿಂದೆ ಒಂದು ಎರಡು ಗುಂಡು ಹಾರಿದರೆ ಆ ಮನೆಯಲ್ಲಿ ಸಾವು ಎಂದೇ ಅರ್ಥ. ಕೇಳಿಸಿಕೊಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಬೇಕು. ಜಗಳ, ಕೋರ್ಟು, ಮಾತು ಬಿಟ್ಟದ್ದು ಯಾವುದೂ ಆ ದಿನಕ್ಕೆ ಲೆಕ್ಕವಿಲ್ಲ. ಸದ್ದು ಕಾಡಿನ ಕಡೆಯಿಂದ ಬಂದಿದ್ದರೆ ಬೇಟೆ ಎಂದುಕೊಳ್ಳುತ್ತಿದ್ದೆ. ಬಂದದ್ದು ಬೊಳ್ಳಪ್ಪ ಮಾವನ ಅಂಗಳದಿಂದ.

ನನ್ನ ಕೈಯಿಂದ ಹಗ್ಗ ಜಾರಿತು. ನಾನು ಹೇಳಿಸಿ ಕಳಿಸಿದ ಮಾತೇ ಅವರು ಕೊನೆಯದಾಗಿ ಕೇಳಿದ ಮಾತಾಯಿತೇ? ನನಗೆ ನನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಯಮುನ ಬಾಗಿಲಲ್ಲಿ ನಿಂತಿದ್ದಳು. "ಸೌದೆ ಹಾಕಿ" ಎಂದಳು. "ಈ ಮಳೆಲಿ ಅವ್ರ ಮನೇಲಿ ಒಣಗಿದ್ದ್ ಇದ್ದದೋ ಇಲ್ಲೆಯೋ."

"ನೀ ಎಲ್ಲಿಗೆ?"

"ಮನೆಗೆ ಹತ್ತಿರ ಇರ್ವವು ನಾವೇ. ನಾ ಬಾರದೆ ಇರ್ವಂಗುಟ್ಟಾ?"

ಸೂಜಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಟ್ಟದಲ್ಲಿ ಒಣಗಿಸಿಟ್ಟಿದ್ದ ಸೌದೆಯನ್ನೆಲ್ಲ ಪಿಕಪ್ಪಿಗೆ ತುಂಬಿ ಟಾರ್ಪಾಲು ಮುಚ್ಚಿದೆ. ಅವಳನ್ನು ಮುಂದೆ ಕೂರಿಸಿಕೊಂಡು ಹೊರಟೆ. ಸೌದೆಯ ಭಾರಕ್ಕೆ ಚಕ್ರ ಹಿಂದೆಂದಿಗಿಂತ ಆಳಕ್ಕೆ ಇಳಿಯಿತು. ಕನ್ನಡಿಯಲ್ಲಿ ನೋಡಿದರೆ ಹಾದಿ ಎರಡು ಸಾಲು ಉತ್ತ ಹಾಗೆ ಕಾಣುತ್ತಿತ್ತು. ಸತ್ತವರ ಹಾದಿಯನ್ನೇ ಕುಯ್ಯುತ್ತಾ ಅವರ ಮನೆಗೆ ಹೋಗುತ್ತಿದ್ದೇನೆ ಎಂದು ನಾಚಿಕೆಯಾಯಿತು. ಅವರ ಮನೆಗೆ ತಿರುಗುವುದು ಉಣುಗೋಲಿನ ಆಚೆಯಿಂದ. ಇಳಿದು, ಹೇಳಿದ್ದಂತೆಯೇ, ನಾನೇ ಆ ಮೂರು ಬಿದಿರು ತೆಗೆದೆ.

ಅಂಗಳಕ್ಕೆ ಗಾಡಿ ತಿರುಗಿಸಿದರೆ, ಜಗಲಿಯ ಮೇಲೆ ತಲೆಗೆ ಮಫ್ಲರು ಸುತ್ತಿಕೊಂಡು, ಕೋವಿಯ ನಳಿಗೆಗೆ ಬಟ್ಟೆ ತುರುಕಿ ಒರೆಸುತ್ತಾ ಬೊಳ್ಳಪ್ಪ ಮಾವ ಕೂತಿದ್ದರು.

ನಾನು ಇಳಿದವನು ಹಾಗೇ ನಿಂತೆ. ಮಾವ ನನ್ನನ್ನು ನೋಡಿದರು, ಟಾರ್ಪಾಲಿನಡಿಯ ಸೌದೆಯನ್ನು ನೋಡಿದರು.

"ಯಾರ್ ಸತ್ತದ್?" ಎಂದರು.

"ನೀವು" ಎಂದೆ.

"ನಾನಾ? ನಂಗೆ ಯಾರೂ ಹೇಳಿಲ್ಲೆ ಅಲಾ?"

"ಎರಡು ಗುಂಡು ಕೇಳ್ತ್…"

"ಹಂದಿ ಬಂದಿತ್ತ್, ಕೆಸುವಿನ ಗುಂಡಿಗೆ. ಮೊದಲ್ನೇದ್ ತಪ್ಪಿತ್, ಎರಡನೇದ್ ಹೊಡ್ದೆ. ಒಂದೇ ಗುಂಡಿಗೆ ಬೀಳ್ವ ಹಂದಿನ ನಾ ಎಲ್ಲಿಂದ ತರೊಕು?" ಮತ್ತೆ ಸೌದೆಯ ಕಡೆ ಬೆರಳು ಮಾಡಿದರು. "ಅದ್ ನಂಗಾ?"

"ಹೂಂ."

ಗಾಡಿಯೊಳಗಿಂದ ಯಮುನ ನಕ್ಕಳು. ಏಪ್ರಿಲ್‌ನಿಂದ ಆಚೆಗೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಬಾಯಿಗೆ ಶಾಲು ಒತ್ತಿಕೊಂಡು ನಕ್ಕೇ ನಕ್ಕಳು. ಆಮೇಲೆ ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ನಾನು ಓಡಿ ಬಾಗಿಲು ತೆಗೆಯುವಷ್ಟರಲ್ಲಿ ಶಾಲಿನ ಅಂಚಿನಲ್ಲಿ ರಕ್ತ ಕಂಡಿತು. ಒಳಗಿಂದ ಬಂದಿದ್ದ ಪೂವಮ್ಮತ್ತೆ, ಮಾವನ ಹೆಂಡತಿ, ಅದನ್ನು ನೋಡಿದರು. ಮಾವನೂ ನೋಡಿದರು.

"ಎಂಥ ಕಾಯಿಲೆ, ಗೂಡೆ?" ಮಗಳನ್ನು ಕರೆದಂತೆ ಕರೆದ ಮಾವನ ದನಿ ಬದಲಾಗಿತ್ತು.

ನಾನು ವಿಷಮಜ್ವರ ಎನ್ನುವಷ್ಟರಲ್ಲಿ ಯಮುನ ಹೇಳಿಬಿಟ್ಟಳು. "ಕ್ಷಯ, ಮಾವ. ವಾರಕ್ಕೆ ಎರಡು ಸೂಜಿ, ಮಡಿಕೇರಿಲಿ. ಇಂದೂ ಒಂದುಟ್ಟು."

ಮಾವ ಕೋವಿಯನ್ನು ಗೋಡೆಗೆ ಒರಗಿಸಿ ಎದ್ದು ನಿಂತರು. ಜ್ವರದಲ್ಲಿ ಸೊರಗಿದ್ದ ಮನುಷ್ಯ ಅಷ್ಟು ಜೋರಾಗಿ ಕಿರುಚಬಲ್ಲರೆಂದು ನನಗೆ ಗೊತ್ತಿರಲಿಲ್ಲ. "ಏ ಹೈದ! ವಾರಕ್ಕೆ ಎರಡು ಸಲ ಹೆಂಡ್ತಿನ ಕೂರ್ಸಿಕಂಡ್ ಹೋಕನ, ನೀ ಸಿನಿಮಾ ನೋಡಿಕೆ ಹೋದು ಅಂತ ನಾ ಗ್ರಹಿಸಿದ್ದ್! ನನ್ನ ಹಾದಿ ಕೊರ್ದ್ ಸಿನಿಮಾ ನೋಡ್ದೆ ಅಂತ ಸಿಟ್ಟ್ ಬಾತ್. ನಾ ಸಾಯೊಕು ಅಂತ ಹೇಳಿ ಕಳ್ಸಿಕೆ ನಿಂಗೆ ಬಾಯಿ ಇತ್ತ್. ಹೆಂಡ್ತಿಗೆ ಹುಷಾರಿಲ್ಲೆ ಅಂತ ಹೇಳಿಕೆ ಬಾಯಿ ಇತ್ಲೆಯಾ?"

"ಹೇಳ್ರೆ ನೀವು ಹಾದಿ ಬಿಡ್ತಿದ್ರಾ?" ನನ್ನ ದನಿಯೂ ಏರಿತು. "ಸ್ವಂತ ನೆಂಟ್ರೇ ಲೋಟ ಹಿತ್ತಿಲಿಗೆ ಎಸ್ದೊ!" ಅಷ್ಟು ಹೇಳಿದ್ದೇ ತಡ, ನನ್ನ ಸಿಟ್ಟೆಲ್ಲ ಕರಗಿ ಅಳು ಬಂತು. ಮೂವತ್ತೆಂಟು ವರ್ಷದ ಗಂಡಸು, ಪರರ ಅಂಗಳದಲ್ಲಿ, ಮಳೆಯಲ್ಲಿ ನಿಂತು ಅತ್ತೆ.

ಪೂವಮ್ಮತ್ತೆ ಒಳಗೆ ಹೋದರು. ಯಮುನಳನ್ನು ಜಗಲಿಗೆ ಕರೆತಂದು ಕೂರಿಸಿದೆ. ಅತ್ತೆ ಬೆಲ್ಲದ ಕಾಫಿ ತಂದರು. ತಂದದ್ದು ಹಿತ್ತಾಳೆಯ ಲೋಟದಲ್ಲಿ, ಮಾವ ದಿನಾ ಕುಡಿಯುವ ಲೋಟ, ಅದರ ಮೇಲೆ ಅವರ ಹೆಸರು ಕೊರೆದಿತ್ತು. ಯಮುನ ಲೋಟವನ್ನೇ ನೋಡುತ್ತಾ ಕೂತಳು. "ಬಿಸಿ ಆರ್ವ ಮುಂದೆ ಕುಡಿ, ಸೂಜಿಗೆ ಹೊತ್ತಾದೆ" ಎಂದರು ಅತ್ತೆ. ಅವಳು ಕುಡಿದು ಮುಗಿಸಿದ ಮೇಲೆ ಅದನ್ನು ಕುದಿಯುವ ನೀರಿಗೆ ಹಾಕಿ ತೊಳೆದು ಇದ್ದ ಜಾಗದಲ್ಲೇ ಕವುಚಿಟ್ಟರು.

ಅಷ್ಟರಲ್ಲಿ ಗುಂಡಿನ ಸದ್ದು ಕೇಳಿದ ಇನ್ನೂ ಐದಾರು ಜನ ಕೊಪ್ಪೆ ಹೊದ್ದು ಅಂಗಳಕ್ಕೆ ಬಂದರು. ಎಲ್ಲರ ಮುಖದಲ್ಲೂ ಸಾವಿಗೆ ಬಂದ ಗಾಂಭೀರ್ಯ, ಮಾವನನ್ನು ಕಂಡೊಡನೆ ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಗೇ ಉಳಿಯಿತು. ನಾನು ಸೌದೆ ಇಳಿಸದೆಯೇ ಹೊರಡಲು ನೋಡಿದೆ. ಮಾವ ತಡೆದರು.

"ಸೌದೆ ಇಳ್ಸು. ಸಾವಿನ ಮನೆಗೆ ಅಂತ ತಂದ ಸೌದೆ ವಾಪಸ್ ಹೋಕಾಗದ್. ನನ್ನ ಅಟ್ಟಲಿ ಇರ್ಲಿ, ಇಂದಲ್ಲದಿದ್ರೆ ಇನ್ನೊಂದು ದಿನ ಬೇಕಾದೆ. ಸಿದ್ದ, ಒಂದು ಬಿದಿರು ತಕಂಡ್ ಇವನ ಚಕ್ರ ಎಷ್ಟ್ ಅಗಲ ಉಟ್ಟು ಅಳ್ತೆ ಮಾಡ್. ಈ ಚಕ್ರಂದ ಆ ಚಕ್ರಕ್ಕೆ ಎಷ್ಟ್ ದೂರ, ಅದನ್ನೂ."

ಬಂದಿದ್ದವರ ಕಡೆ ತಿರುಗಿದರು. "ನೀವೂ ಅಷ್ಟೇ. ಸಾವಿಗೆ ಬಂದವು ಕೆಲಸ ಮಾಡದೆ ಹೋಪಂಗಿಲ್ಲೆ."

ಅದೇನೆಂದು ನನಗೆ ಅರ್ಥವಾಗಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ. ಯಮುನಳನ್ನು ಕೂರಿಸಿಕೊಂಡು ಮಡಿಕೇರಿಗೆ ಹೋದೆ. ಸೂಜಿ ತಪ್ಪಲಿಲ್ಲ.

ಸಂಜೆ ನಾಲ್ಕಕ್ಕೆ ವಾಪಸು ಬಂದರೆ ಉಣುಗೋಲಿನ ಬಿದಿರುಗಳು ದರೆಗೆ ಒರಗಿದ್ದವು. ಇಳಿಜಾರಿನ ತಲೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಕೊಡೆ ಹಿಡಿದು ಬೊಳ್ಳಪ್ಪ ಮಾವ. ಕೆಳಗೆ ಅವರನ್ನು ಸುಡಲು ಬಂದಿದ್ದ ಐದಾರು ಜನ ಮೊಣಕಾಲವರೆಗೆ ಕೆಸರು ಮಾಡಿಕೊಂಡು, ನನ್ನ ಟೈರು ಕೊರೆದ ಎರಡು ಗೀರುಗಳಿಗೆ ಕಲ್ಲು ಜೋಡಿಸುತ್ತಿದ್ದರು. ಗದ್ದೆಗೆ ನುಗ್ಗುತ್ತಿದ್ದ ನೀರನ್ನು ದರೆಯ ಕಡೆಗೆ ತಿರುಗಿಸಿದ್ದರು. ಸಿದ್ದ ಬಿದಿರಿನ ಅಳತೆಗೋಲನ್ನು ಪ್ರತಿ ಗಜಕ್ಕೂ ಇಟ್ಟು ನೋಡುತ್ತಿದ್ದ. ಕಲ್ಲಿನ ಎರಡು ಸಾಲುಗಳು, ಒಂದೊಂದೂ ಒಂದು ಗೇಣಿನಷ್ಟೇ ಅಗಲ, ಇಳಿಜಾರಿನ ಅರ್ಧದವರೆಗೆ ಬಂದಿದ್ದವು.

"ಹತ್ತ್ಸಿ ನೋಡ್" ಎಂದರು ಮಾವ.

ಹತ್ತಿಸಿದೆ. ಚಕ್ರ ಕಲ್ಲಿನ ಸಾಲಿನಲ್ಲಿ ಕೂತು ನೆಟ್ಟಗೆ ಹೋಯಿತು.

"ಇನ್ನ್ ಅಗಲದ ಟೈರು ಅಂತ ಮಾತೆತ್ತ್ರೆ ಕೊಂದನೆ" ಎಂದು ಹಿಂದಿನಿಂದ ಕೂಗಿದರು. "ಇಷ್ಟೇ ಕಲ್ಲ್ ಇದ್ದದ್!" ನಾನೂ ಏನೋ ಒರಟಾಗಿ ಕೂಗಿ ಹೇಳಿದೆ. ಏನೆಂದು ಈಗ ನೆನಪಿಲ್ಲ. ಯಮುನ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈಮುಗಿದಳು.

ಮಾರನೆಯ ವಾರಕ್ಕೆ ಸಾಲು ಪೂರ್ತಿಯಾಯಿತು. ಅದರಲ್ಲಿ ನಾನೂ ಕಲ್ಲು ಹೊತ್ತೆ. ಅಕ್ಟೋಬರಿನಲ್ಲಿ ಯಮುನಳ ಕೊನೆಯ ಸೂಜಿ ಮುಗಿಯಿತು. ಮುಂದಿನ ವರ್ಷದ ನಾಟಿಗೆ ಅವಳು ಗದ್ದೆಗೆ ಇಳಿದಳು. ಬದುವಿನಲ್ಲಿ ಬಿದ್ದವನು ಎಂದಿನಂತೆ ನಾನೇ. ಉಣುಗೋಲಿನ ಬಿದಿರು ಮತ್ತೆ ತೂತಿಗೆ ಹೋಗಲಿಲ್ಲ, ದರೆಗೆ ಒರಗಿದಲ್ಲೇ ಗೆದ್ದಲು ಹಿಡಿದು ಹೋಯಿತು. ಮೂರು ಸಲ ಟೈರು ಬದಲಾಯಿಸಿದೆ. ಮೂರು ಸಲವೂ ರೇವಣ್ಣ ನನ್ನನ್ನು ಕೇಳದೆಯೇ ಆರು ಇಂಚಿನದನ್ನು ಉರುಳಿಸಿಕೊಂಡು ಬಂದ.

ಎಂಟು ವರ್ಷದ ಮೇಲೆ, ಮತ್ತೊಂದು ಕಕ್ಕಡದ ಬೆಳಿಗ್ಗೆ, ಆ ಅಂಗಳದಿಂದ ಎರಡು ಗುಂಡು ಕೇಳಿಸಿತು. ನಾನೂ ಯಮುನಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಹಂದಿ ಬಂದಿರೊಕು" ಎಂದೆ. ಅವಳು ಆಗಲೇ ಶಾಲು ಹೊದೆಯುತ್ತಿದ್ದಳು. ಗಾಡಿ ತೆಗೆದು ಕಲ್ಲಿನ ಸಾಲಿನ ಮೇಲೆ ಇಳಿದು ಹೋದೆವು. ದಾರಿಯುದ್ದಕ್ಕೂ ನಾನು ಜಗಲಿಯಲ್ಲಿ ಮಫ್ಲರು ಸುತ್ತಿ ಕೂತ ಮನುಷ್ಯನನ್ನೇ ಕಾಣಬೇಕೆಂದು ಬೇಡುತ್ತಿದ್ದೆ.

ಜಗಲಿ ಖಾಲಿ ಇತ್ತು. ಕೋವಿ ಸಿದ್ದನ ಕೈಯಲ್ಲಿತ್ತು.

ಪೂವಮ್ಮತ್ತೆ ಬಾಗಿಲಿಗೆ ಬಂದು ನನ್ನ ಗಾಡಿಯ ಹಿಂಭಾಗವನ್ನು ನೋಡಿದರು. ನಾನು ಅವಸರದಲ್ಲಿ ಬರಿಗೈಲಿ ಬಂದಿದ್ದೆ. "ನೀ ಏನೂ ತರೊಕುಂತಿಲ್ಲೆ" ಎಂದರು. "ನಿನ್ನ ಸೌದೆ ಅಟ್ಟಲಿ ಹಾಂಗೇ ಉಟ್ಟು. ಅವು ಒಂದು ದಿನ ಅದ್ರ ಮುಟ್ಟಿಕೆ ಬಿಟ್ಟಿಲ್ಲೆ."

ಅಟ್ಟ ಹತ್ತಿ ಸೌದೆ ಇಳಿಸಿದೆ. ಎಂಟು ವರ್ಷ ಹೊಗೆಯಲ್ಲಿ ಒಣಗಿ ಹಗುರವಾಗಿತ್ತು. ಅಷ್ಟು ಮಳೆಯಲ್ಲೂ ಒಂದೇ ಕಡ್ಡಿಗೆ ಹತ್ತಿಕೊಂಡಿತು.